ಮೆಟ್ಟಿಕೊಂಡ ಜೀಪಿನ ಮೆಟ್ಟಿಲು

ನಮ್ಮ ಭಾವನವರ ಜೀಪು ಹತ್ತುವವರಲ್ಲಿ ಎರಡು ಬಗೆ: ಕಣ್ಣಿಗೆ ಕಾಣುವವರು, ಕಾಣದವರು. ನನ್ನನ್ನು ಕೇಳಿದರೆ ಕಾಣದವರೇ ವಾಸಿ. ಅವರು ಕಣಕಾಲಿಗೆ ಪೆಟ್ಟು ಮಾಡಿಕೊಂಡು “ಅಮ್ಮಾ, ಒಂಚೂರು ಅರಿಶಿನ ಕೊಡಿ” ಎಂದು ಹಿತ್ತಲ ಬಾಗಿಲಿಗೆ ಬರುತ್ತಿರಲಿಲ್ಲ. ಸೀಟು ಮೆತ್ತಗಿಲ್ಲ ಎಂದು ಗೊಣಗುತ್ತಿರಲಿಲ್ಲ. ಸುಮ್ಮನೆ ಹತ್ತುತ್ತಿದ್ದರು, ಕೂರುತ್ತಿದ್ದರು, ಬರುತ್ತಿದ್ದರು. ಎಲ್ಲಿ ಇಳಿಯುತ್ತಿದ್ದರು ಎನ್ನುವುದೊಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ!

ನಗಬೇಡಿ. ನಾನೂ ಕಡೂರು ಪೇಟೆಯವಳು, ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನ ಓದಿದವಳು. ದೆವ್ವ ಭೂತ ಎಂದರೆ ಮೂಗು ಮುರಿಯುತ್ತಿದ್ದೆ. ಎಮರ್ಜೆನ್ಸಿ ಮುಗಿದ ಮರುವರ್ಷ ನನ್ನ ಮದುವೆಯಾಯಿತು. ಅಜ್ಜಂಪುರದಿಂದ ಶಿವನಿಗೆ ಹೋಗುವ ದಾರಿ ಬಿಟ್ಟು ಒಳಗೆ ಸರಿದರೆ ನನ್ನ ಗಂಡನ ಊರು. ಗಂಡನ ಅಣ್ಣ, ಅಂದರೆ ನಮ್ಮ ಭಾವನವರು, ಮದುಮಗಳನ್ನು ಕರೆತರಲು ತಮ್ಮ ಜೀಪನ್ನೇ ತಂದಿದ್ದರು. ತಂದಿದ್ದೇನೋ ಸರಿ, ಹತ್ತುವುದು ಹೇಗೆ? ಜೀಪಿನ ನೆಲ ನನ್ನ ಸೊಂಟದ ಮಟ್ಟಕ್ಕಿತ್ತು! ಧಾರೆ ಸೀರೆ ಉಟ್ಟ ನನ್ನನ್ನು ಇಬ್ಬರು ಹೆಂಗಸರು ಸೇರಿ ರಾಗಿ ಮೂಟೆ ಎತ್ತಿದ ಹಾಗೆ ಎತ್ತಿ ಒಳಗೆ ಹಾಕಿದರು. ನನ್ನ ಗೃಹಪ್ರವೇಶಕ್ಕಿಂತ ಮುಂಚೆ ಜೀಪುಪ್ರವೇಶವಾಯಿತು, ಅದೂ ತಲೆಕೆಳಗಾಗಿ.

ಅದು ಮಿಲಿಟರಿಯವರು ಬೇಡವೆಂದು ಹರಾಜಿಗೆ ಹಾಕಿದ ಜೀಪು. ನಮ್ಮ ಕಡೆಯದು ಎರೆಭೂಮಿ. ಒಂದು ಮಳೆ ಬಿದ್ದರೆ ಸಾಕು, ಕರೀ ಮಣ್ಣು ಎತ್ತಿನ ಗಾಡಿಯ ಚಕ್ರವನ್ನು ಅಚ್ಚಿನವರೆಗೂ ನುಂಗಿಬಿಡುತ್ತದೆ. ಅದಕ್ಕೇ ಭಾವನವರು ಜೀಪಿಗೆ ಲಾರಿಯ ಸ್ಪ್ರಿಂಗ್ ಪ್ಲೇಟು ಸೇರಿಸಿ, ದೊಡ್ಡ ಟೈರು ಹಾಕಿಸಿ, ಎತ್ತಿ ನಿಲ್ಲಿಸಿದ್ದರು. ಬೇರೆಯವರು ಮನೆಗೆ ಮಹಡಿ ಕಟ್ಟಿಸುತ್ತಾರೆ. ನಮ್ಮ ಭಾವ ಜೀಪಿಗೆ ಕಟ್ಟಿಸಿದ್ದರು!

ಊರಿನವರೆಲ್ಲ ಹೇಗೋ ತೆವಳಿಕೊಂಡು ಹತ್ತುತ್ತಿದ್ದರು. ಹತ್ತದೇ ಇದ್ದವರು ಒಬ್ಬರೇ: ಭಾವನವರ ಹೆಂಡತಿ, ನನ್ನ ಓರಗಿತ್ತಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅಕ್ಕ ಒಂದು ಸಲವೂ ಆ ಜೀಪಿನೊಳಗೆ ಕಾಲಿಟ್ಟಿರಲಿಲ್ಲ. ಸಂತೆಗೆ ಹೊರಟರೆ ಜೀಪು ಮುಂದೆ, ಅದರ ಹಿಂದೆ ಗಾಡಿಯಲ್ಲಿ ಅಕ್ಕ. ಭಾವ ಮಾತ್ರ ಪ್ರತಿ ಸಲವೂ ಕರೆಯುತ್ತಿದ್ದರು. “ಬಾರೇ, ಮುಂದ್ಗಡೆ ಸೀಟು ಖಾಲಿ ಐತೆ.”

“ನಂಗೆ ಮಂಡಿ ನೋವು. ನಿಮ್ ಜೀಪು ನಿಮಗೇ ಇರ್ಲಿ.”

ಅಕ್ಕನನ್ನು ಆ ಮುಂದಿನ ಸೀಟಿನಲ್ಲಿ ಕೂರಿಸಬೇಕು: ಭಾವನವರಿಗೆ ಜೀವಮಾನದಲ್ಲಿ ಇದ್ದ ಆಸೆ ಇದೊಂದೇ ಎಂದು ನನಗೆ ಬೇಗ ತಿಳಿಯಿತು. ಮಂಡಿ ನೋವಿಗೆ ಮದ್ದು ಮೆಟ್ಟಿಲು! ಶುರುವಾಯಿತು ನೋಡಿ ಮೆಟ್ಟಿಲಿನ ಹುಚ್ಚು.

ಮೊದಲು ಒಂದು ಊಟದ ಮಣೆಗೆ ತೂತು ಕೊರೆದು ಸರಪಳಿಯಲ್ಲಿ ನೇತುಹಾಕಿದರು. ಅದರ ಮೇಲೆ ಕಾಲಿಟ್ಟ ತಕ್ಷಣ ಮಣೆ ಜೀಪಿನ ಅಡಿಗೆ ತೂಗಿ, ಭಾವನವರೂ ಅದರ ಜೊತೆಗೇ ಅಡಿಗೆ ಹೋದರು. ಆಮೇಲೆ ಉದ್ದಕ್ಕೂ ಕಬ್ಬಿಣದ ಪೈಪು ಹಾಕಿಸಿದರು. ಕೆಸರುಗಾಲಿಗೆ ಪೈಪು ಜಾರಿ ನನ್ನ ಗಂಡ ಗದ್ದ ಒಡೆದುಕೊಂಡರು. “ಹಸಿ ಕಾಲಿಗೆ ಒಗ್ಗಲ್ಲ” ಎಂದು ಭಾವ ಗಂಭೀರವಾಗಿ ತಲೆಯಾಡಿಸಿದರು. ತಮ್ಮನ ಗದ್ದದ ವಿಚಾರ ಎತ್ತಲೇ ಇಲ್ಲ!

ಆಮೇಲೆ ನಡೆದದ್ದು ಕಡೂರು ಬಸ್ ಸ್ಟ್ಯಾಂಡಿನ ಹಗರಣ. ಯಾವ ಬಸ್ಸಿನ ಫುಟ್‌ಬೋರ್ಡು ಎಷ್ಟು ಎತ್ತರ, ಹೆಂಗಸರ ಕಾಲು ಎಲ್ಲಿಯವರೆಗೆ ಸಲೀಸಾಗಿ ಏಳುತ್ತದೆ ಎಂದು ತಿಳಿಯಲು ಭಾವನವರು ಟೇಪು ಹಿಡಿದು ಬಸ್ಸಿನ ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟರಂತೆ. ಅಂದು ಸಖರಾಯಪಟ್ಟಣದ ಬಸ್ಸು ಹತ್ತುತ್ತಿದ್ದ ಹೆಂಗಸೊಬ್ಬರು ಕೈಚೀಲ ಬೀಸಿದರಂತೆ.

“ವಯಸ್ಸಾದೋರು, ನಾಚ್ಕೆ ಆಗಲ್ವೇನ್ರೀ? ಹೆಣ್ಮಕ್ಕಳ ಕಾಲ್ ನೋಡ್ಕಂಡು ಕೂತಿದ್ದೀರಲ್ಲ!”

“ಕಾಲ್ ನೋಡ್ತಿಲ್ಲ ಕಣಮ್ಮ, ಎತ್ರ ನೋಡ್ತಿದೀನಿ!”

ಆ ಉತ್ತರದಿಂದ ಏನಾಯಿತೆಂದು ಬೇರೆ ಹೇಳಬೇಕೆ? ನನ್ನ ತವರಿನವರು ಅಲ್ಲಿದ್ದು ಬಿಡಿಸಿಕೊಂಡು ಬಂದರು.

ಕೊನೆಗೆ ಭಾವನವರು ಆರಿಸಿದ್ದು ಎರಡು ಹಂತದ ಮೆಟ್ಟಿಲು. ಮೇಲಿನದು ಗಟ್ಟಿ ತಗಡಿನದು, ಅಗಲವಾಗಿ ಚೆನ್ನಾಗಿಯೇ ಇತ್ತು. ವಿಚಿತ್ರವೆಂದರೆ ಅದರ ಕೆಳಗೆ ಕೀಲಿನ ಮೇಲೆ ಮಡಚಿಕೊಳ್ಳುವ ಇನ್ನೊಂದು ಪುಟ್ಟ ಮೆಟ್ಟಿಲು. ನೆಲದಿಂದ ಗೇಣಿಗಿಂತ ಸ್ವಲ್ಪ ಮೇಲೆ. ದೊಡ್ಡವರ ಪಾದ ಅದರ ಮೇಲೆ ಪೂರ್ತಿ ಕೂರುತ್ತಲೂ ಇರಲಿಲ್ಲ. ಅದು ಯಾರಿಗೂ ಬೇಕಾಗಿರಲಿಲ್ಲ. ಊರಿನ ಎಲ್ಲರ ಕಣಕಾಲಿಗೂ ಸರಿಯಾಗಿ ಬಡಿಯುವುದೊಂದೇ ಅದರ ಕೆಲಸ!

ಅದರ ಅಳತೆ ಎಲ್ಲಿಂದ ಬಂತೆಂದು ನಾನು ಕಣ್ಣಾರೆ ನೋಡಿದ್ದೆ. ನಮ್ಮ ಮನೆಯ ಜಗುಲಿಗೆ ಮೂರು ಮೆಟ್ಟಿಲಿವೆ. ಅವುಗಳಿಂದ ದೂರ, ಮೂಲೆಯಲ್ಲಿ, ಗೋಡೆಗೆ ತಾಗಿಸಿದ ಹಾಗೆ ಒಂದು ಪುಟ್ಟ ಚಪ್ಪಡಿ ಕಲ್ಲು. ಅದನ್ನು ಯಾರೂ ತುಳಿಯುತ್ತಿರಲಿಲ್ಲ. ಅಕ್ಕ ದಿನಾ ಅದನ್ನು ತೊಳೆದು ಮೇಲೊಂದು ಎಳೆ ರಂಗೋಲಿ ಎಳೆಯುತ್ತಿದ್ದರು. ಒಮ್ಮೆ ನಾನು ನೀರಿನ ಕೊಡವನ್ನು ಅದರ ಮೇಲೆ ಇಟ್ಟಿದ್ದಕ್ಕೆ “ಅಲ್ಲಿಡಬ್ಯಾಡ!” ಎಂದು ಕೂಗಿದರು. ಎಂದೂ ದನಿ ಎತ್ತದ ಅಕ್ಕ! ಭಾವನವರು ಟೇಪು ಹಿಡಿದದ್ದು ಆ ಕಲ್ಲಿಗೆ.

“ಭಾವ, ಅಷ್ಟು ಎತ್ತರ ಮಾಡಿಸಿ ಈಗ ನೆಲ ಸವರೋ ಮೆಟ್ಟಿಲು ಯಾಕೆ? ಕೋಳಿ ಹತ್ತಬೇಕಾ?” ಎಂದೆ. ಭಾವನ ಮುಂದೆ ಸೊಸೆಯರು ಹಾಗೆಲ್ಲ ಮಾತಾಡುವ ಕಾಲವಲ್ಲ ಅದು. ಆದರೆ ನನ್ನ ನಾಲಿಗೆಗೆ ಕಾಲ ಗೊತ್ತಾಗುತ್ತಿರಲಿಲ್ಲ.

ಭಾವ ನಗಲಿಲ್ಲ. “ಇರ್ಲಿ ಬಿಡಮ್ಮ, ಯಾರಾದ್ರೂ ಹತ್ತಾರೆ” ಎಂದರು.

ಯಾರೋ ಹತ್ತಿಯೇಬಿಟ್ಟರು! ವಾರವೂ ಆಗಿರಲಿಲ್ಲ. ಅಂಗಳದಲ್ಲಿ ಜೀಪು ನಿಂತಿತ್ತು, ಸುತ್ತ ನರಪಿಳ್ಳೆ ಇರಲಿಲ್ಲ, ಗಾಳಿಯೂ ಇರಲಿಲ್ಲ. ನಾನು ಬಟ್ಟೆ ಒಣಹಾಕುತ್ತಿದ್ದೆ. ಕಿರ್ರ್... ಎಂದಿತು ಕೆಳಗಿನ ಮೆಟ್ಟಿಲಿನ ಕೀಲು. ಕಾಲಿಟ್ಟರೆ ಬಗ್ಗುತ್ತದಲ್ಲ, ಹಾಗೆ ಮೆಟ್ಟಿಲು ಸ್ವಲ್ಪ ಬಗ್ಗಿ, ಮತ್ತೆ ಮೇಲೆದ್ದಿತು. ಹೊಸ ಕಬ್ಬಿಣ, ಬಿಸಿಲಿಗೆ ಹಿಗ್ಗಿರಬೇಕು ಎಂದು ಎಸ್ಸೆಸ್ಸೆಲ್ಸಿ ವಿಜ್ಞಾನ ಹೇಳಿತು. ಹಿಗ್ಗಿದ್ದು ಸರಿ, ಅದರ ಹಿಂದೆಯೇ ಮುಂದಿನ ಸೀಟು ಕುಸಿದದ್ದು ಯಾಕೆ? ವಿಜ್ಞಾನ ಆ ಪಾಠ ಮಾಡಿರಲಿಲ್ಲ. ನಾನು ಒದ್ದೆ ಬಟ್ಟೆಯ ಜೊತೆಗೇ ಒಳಗೆ ಓಡಿದೆ.

ಊರಿನಲ್ಲಿ ಮಾತು ಹುಟ್ಟಲು ಎಷ್ಟು ಹೊತ್ತು? “ಗೌಡ್ರು ಮೆಟ್ಲು ಹಾಕ್ಸಿದ್ದೇ ತಪ್ಪಾಯ್ತು. ಮೆಟ್ಕಳಕ್ಕೆ ದಾರಿ ಮಾಡ್ಕೊಟ್ಟಂಗಾಯ್ತು” ಎಂದರು ಜನ. ಮನುಷ್ಯರಿಗೆ ದೆವ್ವ ಮೆಟ್ಟಿಕೊಳ್ಳುವುದುಂಟು, ಜೀಪಿಗೂ ಮೆಟ್ಟಿಕೊಂಡದ್ದು ನಮ್ಮೂರಲ್ಲೇ ಇರಬೇಕು. ಯಾರ ದೆವ್ವ ಎಂದು ನಾನು ಕೇಳಿದರೆ ಮಾತ್ರ ಎಲ್ಲರಿಗೂ ಏನೋ ಕೆಲಸ ನೆನಪಾಗುತ್ತಿತ್ತು. ಗಂಡನನ್ನು ಕೇಳಿದರೆ “ಹಳೇದೆಲ್ಲ ಯಾಕೆ, ಬಿಡು” ಎಂದು ಮಗ್ಗುಲಾಗುತ್ತಿದ್ದರು.

ಒಮ್ಮೆ ಊರಿಗೆ ಬಂದ ಕಂದಾಯದ ಅಧಿಕಾರಿಯೊಬ್ಬರು ತರೀಕೆರೆಗೆ ಜೀಪು ಕೇಳಿದರು. ಹಿಂದೆ ಕೂರಿ ಎಂದರೆ ಅವರ ಘನತೆಗೆ ಕುಂದಲ್ಲವೇ? ಬೇಡ ಬೇಡವೆಂದರೂ ಮುಂದಿನ ಸೀಟಿನಲ್ಲೇ ಕೂತರು. ಹತ್ತುವಾಗಲೇ ಕಣಕಾಲಿಗೆ ಏಟು ಬಿತ್ತು. ಅದು ಎಲ್ಲರಿಗೂ ಸಲ್ಲುವ ಕಂದಾಯ, ಇರಲಿ. ಊರಾಚೆಯ ಜಾಲಿಮರದ ಹಳ್ಳ ದಾಟುವಾಗ ಅವರು ತಟ್ಟನೆ ತಿರುಗಿ, “ಯಾರ್ರೀ ಅದು, ನನ್ ಅಂಗಿ ಎಳೀತಿರೋದು?” ಎಂದರಂತೆ. ಹಿಂದೆ ಯಾರೂ ಇರಲಿಲ್ಲ.

ಭಾವನವರು ಶಾಂತವಾಗಿ, “ಸ್ವಲ್ಪ ಸರ್ಕೊಂಡು ಕೂತ್ಕೊಳಿ ಸಾರ್, ಜಾಗ ಸಾಲ್ದೇನೋ” ಎಂದರಂತೆ!

ಅಧಿಕಾರಿಗಳು ಇಳಿದು ಅಜ್ಜಂಪುರದವರೆಗೆ ನಡೆದೇ ಹೋದರು. ಸೀಟಿನ ಸ್ಪ್ರಿಂಗಿಗೆ ಅಂಗಿ ಸಿಕ್ಕಿರಬೇಕು ಎಂದು ನಾನು ಮನೆಯಲ್ಲಿ ವಾದಿಸಿದೆ. ಯಾರೂ ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಒಪ್ಪಿರಲಿಲ್ಲ.

ಯಾಕೆಂದರೆ ಅಷ್ಟು ಹೊತ್ತಿಗೆ ಆ ಹಳ್ಳದ ಅನುಭವ ನನಗೂ ಆಗಿತ್ತು. ಬಾಣಂತನ ಮುಗಿಸಿ ಮಗಳನ್ನು ಎತ್ತಿಕೊಂಡು ತವರಿನಿಂದ ಬರುತ್ತಿದ್ದೆ. ನಾನೂ ನನ್ನ ಗಂಡನೂ ಹಿಂದಿನ ಸೀಟಿನಲ್ಲಿ. ಮಟಮಟ ಮಧ್ಯಾಹ್ನ. ಸುತ್ತ ಕಣ್ಣು ಹಾಯುವವರೆಗೆ ಬಿರುಕು ಬಿಟ್ಟ ಕರೀ ಹೊಲ, ಒಂದು ಹಕ್ಕಿಯ ದನಿಯಿಲ್ಲ. ಹಳ್ಳದಲ್ಲಿ ಭಾವನವರು ಜೀಪು ನಿಲ್ಲಿಸಿದರು. ಪ್ರತಿ ಸಲವೂ ಅಲ್ಲಿ ನಿಲ್ಲಿಸುತ್ತಾರಂತೆ. ನನ್ನ ಗಂಡ ತಲೆ ತಗ್ಗಿಸಿ ಕೂತರು. ಭಾವ ಎಡಕ್ಕೆ ತಿರುಗಿ, ಯಾರಿಗೋ ಕಾಯುವವರ ಹಾಗೆ, ಕೆಳಗೆ ನೋಡುತ್ತಿದ್ದರು.

ಕಿರ್ರ್.

ಮುಂದಿನ ಸೀಟಿನ ರೆಕ್ಸಿನ್ ನನ್ನ ಕಣ್ಣೆದುರಿಗೇ ಮೆಲ್ಲಗೆ ಕುಸಿಯಿತು. ಹರಳೆಣ್ಣೆ ಹಚ್ಚಿ ಬಾಚಿದ ತಲೆಯ ವಾಸನೆ ಬಂತು. ನನ್ನ ತೊಡೆಯ ಮೇಲಿದ್ದ ಮಗು ಆ ಖಾಲಿ ಸೀಟಿನ ಕಡೆ ಕೈ ಚಾಚಿ ಕೇಕೆ ಹಾಕಿ ನಕ್ಕಿತು. ಭಾವ “ಹ್ಞೂಂ” ಎಂದು ಗೇರು ಹಾಕಿದರು. ಮನೆ ಮುಟ್ಟುವವರೆಗೆ ನಾನು ಉಸಿರು ಬಿಟ್ಟೆನೋ ಇಲ್ಲವೋ ನೆನಪಿಲ್ಲ. ಅಂದಿನಿಂದ ಆ ಜೀಪಿನ ನೆರಳನ್ನೂ ತುಳಿಯಬಾರದೆಂದು ಆಣೆ ಇಟ್ಟುಕೊಂಡೆ.

ಆಣೆ ಮುರಿದದ್ದು ಮರುವರ್ಷದ ಮಳೆಗಾಲದಲ್ಲಿ. ಮಗಳು ಆಗಷ್ಟೇ ತಪ್ಪು ಹೆಜ್ಜೆ ಇಡುತ್ತಿದ್ದಳು. ಎರಡು ದಿನದ ಜ್ವರ ಇದ್ದಕ್ಕಿದ್ದಂತೆ ಏರಿ ಮಗು ಸೆಟೆದುಕೊಂಡಿತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ನನ್ನ ಗಂಡ ಈರುಳ್ಳಿ ಲೋಡಿನ ಜೊತೆ ಪರಸ್ಥಳಕ್ಕೆ ಹೋಗಿದ್ದರು. ಹೊರಗೆ ಹಗಲೇ ಕತ್ತಲು ಕವಿದು ಮಳೆ ಸುರಿಯುತ್ತಿತ್ತು. ನಾನು ಮಗುವನ್ನು ಅಪ್ಪಿಕೊಂಡು ಒಳಗೂ ಹೊರಗೂ ಓಡಾಡುತ್ತಿದ್ದೆ. ಅಕ್ಕ ಬಂದವರೇ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡರು.

“ಜೀಪ್ ತೆಗೀರಿ” ಎಂದರು ಭಾವನಿಗೆ.

ಮಗುವನ್ನು ಎದೆಗೊತ್ತಿಕೊಂಡು ಅಕ್ಕ ಆ ಪುಟ್ಟ ಮೆಟ್ಟಿಲಿನ ಮೇಲೆ ಕಾಲಿಟ್ಟರು. ಆಮೇಲೆ ಮೇಲಿನದರ ಮೇಲೆ. ಆಮೇಲೆ ಮುಂದಿನ ಸೀಟಿನಲ್ಲಿ ಕೂತರು. ಮಂಡಿ ನೋವಿನ ಸುಳಿವೇ ಇರಲಿಲ್ಲ. ಆಣೆ ಮರೆತು ನಾನೂ ಹಿಂದೆ ಹತ್ತಿದೆ. ಭಾವನವರ ಜೀವಮಾನದ ಆಸೆ ಕೈಗೂಡಿದ ಗಳಿಗೆ ಅದು, ಅವರು ಅಕ್ಕನ ಮುಖವನ್ನೂ ನೋಡಲಿಲ್ಲ.

ಎರೆಮಣ್ಣಿನಲ್ಲಿ ಜೀಪು ಅತ್ತ ಇತ್ತ ಜಾರುತ್ತಾ ಜಾಲಿಮರದ ಹಳ್ಳಕ್ಕೆ ಇಳಿಯಿತು. ಕರೀ ಕೆಸರು ನೀರು ಟೈರಿನ ಅರ್ಧಕ್ಕಿತ್ತು. ಅಲ್ಲಿ ಎಂಜಿನ್ ನಿಂತುಹೋಯಿತು. ಭಾವನವರು ಒಂದು ಸಲ ಸ್ಟಾರ್ಟ್ ಮಾಡಲು ನೋಡಿದರು, ಆಮೇಲೆ ಅವರ ಕೈ ಸ್ಟೀರಿಂಗಿನ ಮೇಲೆ ಹಾಗೇ ಉಳಿಯಿತು. “ಇಲ್ಲೇ ಕಣೇ... ಆವತ್ತೂ ಇಲ್ಲೇ...” ಎಂದರು. ಅಂಥ ದನಿಯನ್ನು ನಾನು ಯಾವ ಗಂಡಸಿನ ಬಾಯಲ್ಲೂ ಕೇಳಿರಲಿಲ್ಲ.

ಅಕ್ಕ ಸೀಟಿನಲ್ಲಿ ಒಂದಿಷ್ಟು ಒಳಗೆ ಸರಿದರು. ಮಗ್ಗುಲಲ್ಲಿ ಜಾಗ ಮಾಡಿ, ಅಂಗೈಯಿಂದ ತಟ್ಟಿ, ಹೊರಗಿನ ಮಳೆಗೆ ಮೆಲ್ಲಗೆ ಹೇಳಿದರು:

“ಬಾ ಮಗಾ, ಹತ್ತು. ತಂಗಿಗೆ ಹುಷಾರಿಲ್ಲ. ಬಿರ್ನೆ ಹತ್ತು.”

ಅಷ್ಟು ಮಳೆಯ ಸದ್ದಿನಲ್ಲೂ ನನಗೆ ಕೇಳಿಸಿತು. ಕಿರ್ರ್.

“ಹತ್ತಾಯ್ತು. ಹೊಡೀರಿ ಈಗ” ಎಂದರು ಅಕ್ಕ. ಭಾವ ಕೀಲಿ ತಿರುವಿದರು. ಎಂಜಿನ್ ಗುಡುಗಿಕೊಂಡು ಎದ್ದಿತು.

ತರೀಕೆರೆ ಆಸ್ಪತ್ರೆಯಲ್ಲಿ ಸಂಜೆಯ ಹೊತ್ತಿಗೆ ಮಗು ಕಣ್ಣು ಬಿಟ್ಟು ಹಾಲಿಗೆ ಅತ್ತಿತು. ಆ ಅಳು ಕೇಳಿ ನಾನೂ ಅತ್ತೆ. ಆಗ ಅಕ್ಕ ನನ್ನ ಪಕ್ಕ ಕೂತು ಹೇಳಿದರು. ಅವರಿಗೊಬ್ಬಳು ಮಗಳಿದ್ದಳು. ನನ್ನ ಮದುವೆಗೆ ಎಷ್ಟೋ ವರ್ಷ ಮುಂಚಿನ ಮಾತು. ನಾಲ್ಕು ತುಂಬಿರಲಿಲ್ಲ. ಜಗುಲಿಯ ಮೆಟ್ಟಿಲು ಅವಳಿಗೆ ಎತ್ತರವೆಂದು, ಈಗ ಮೂಲೆಯಲ್ಲಿರುವ ಆ ಕಲ್ಲನ್ನು ಭಾವನವರು ಆಗ ಮೆಟ್ಟಿಲ ಬುಡಕ್ಕೆ ಇಟ್ಟುಕೊಟ್ಟಿದ್ದರು. ಇಂಥದೇ ಜ್ವರ, ಇಂಥದೇ ಮಳೆ. ಆಸ್ಪತ್ರೆಗೆ ಹೊರಟ ಎತ್ತಿನ ಗಾಡಿ ಆ ಹಳ್ಳದಲ್ಲಿ ಹೂತುಕೊಂಡಿತು. ಗಾಡಿ ಏಳಲಿಲ್ಲ, ಅವಳೂ ಏಳಲಿಲ್ಲ.

“ಅದಕ್ಕೇ ಇವ್ರು ಜೀಪ್ ತಂದ್ರು, ಎತ್ರ ಮಾಡ್ಸುದ್ರು. ಮಂಡಿ ನೋವು ಅಂದಿದ್ದೆಲ್ಲ ಸುಳ್ಳು ಕಣೇ. ಆವತ್ತು ಇಲ್ದಿದ್ ಗಾಡಿ ಹತ್ತಕ್ಕೆ ನಂಗೆ ಕಾಲೇ ಬರ್ಲಿಲ್ಲ” ಎಂದರು.

ಕಿಟಕಿಯಿಂದ ಹೊರಗೆ ನೋಡಿದೆ. ಭಾವನವರು ಜೀಪಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹೆಗಲ ಟವೆಲಿನಿಂದ ಕೆಳಗಿನ ಮೆಟ್ಟಿಲಿನ ಕೆಸರು ಒರೆಸುತ್ತಿದ್ದರು. ಕೋಳಿ ಹತ್ತಬೇಕಾ ಎಂದು ನಾನು ಕೇಳಿದ್ದ ಮೆಟ್ಟಿಲು. ಅದನ್ನು ನೋಡಲಾರದೆ ಮುಖ ತಿರುಗಿಸಿಕೊಂಡೆ.

ಅಲ್ಲಿಂದ ಮುಂದೆ ಸಂತೆಗೆ ಹೊರಟರೆ ಮುಂದಿನ ಸೀಟಿನಲ್ಲಿ ಅಕ್ಕ, ಸ್ವಲ್ಪ ಒಳಗೆ ಸರಿದು, ಬಾಗಿಲ ಕಡೆ ಜಾಗ ಬಿಟ್ಟು. ಯಾಕೆಂದು ಊರಿನಲ್ಲಿ ಯಾರೂ ಕೇಳಲಿಲ್ಲ. ಎಷ್ಟೋ ದಿನದ ಮೇಲೆ ಭಾವನವರೇ ನನ್ನನ್ನು ಕರೆದು, “ಏನಮ್ಮ, ಆ ಕೆಳಗಿನ್ ಮೆಟ್ಲು ತೆಗೆಸಿಬಿಡ್ಲಾ? ಎಲ್ರ ಕಾಲಿಗೂ ಹೊಡಿತೈತೆ” ಎಂದರು.

“ಬೇಡ ಭಾವ, ನಮಗೆ ಬೇಕಾಗುತ್ತೆ” ಎಂದೆ.

ಬೇಕಾದದ್ದು ಮಗಳು ಗಟ್ಟಿಯಾಗಿ ಓಡಾಡುವಂತಾದ ಮೇಲೆ. ಒಂದು ಬೆಳಗ್ಗೆ ಸಂತೆಗೆ ಹೊರಟಾಗ, ಎತ್ತಿಕೊಳ್ಳಲು ಹೋದ ನನ್ನ ಕೈಯನ್ನು ತಳ್ಳಿ, ತಾನೇ ಹತ್ತುತ್ತೇನೆಂದು ಹಟ ಹಿಡಿದಳು. ಒಳಗೆ ಕೂತಿದ್ದ ಅಕ್ಕ ಕೈ ಚಾಚಿದರು. ಭಾವನವರು ಹಿಂದೆ ಬಗ್ಗಿ ನಿಂತು, “ಬಲಗಾಲು ಮಗಾ, ಬಲಗಾಲು” ಎಂದರು. ಅವಳು ಲಂಗ ಎತ್ತಿ ಹಿಡಿದು ಪುಟ್ಟ ಪಾದವನ್ನು ಆ ಮೆಟ್ಟಿಲಿನ ಮೇಲಿಟ್ಟಳು. ಅಳತೆ ಎಷ್ಟು ಸರಿಯಾಗಿತ್ತು!

ಮೆಟ್ಟಿಲು ಕಿರ್ರ್ ಎಂದಿತು. ಈ ಸಲ ಹತ್ತಿದವಳು ನಮಗೆಲ್ಲ ಕಾಣುತ್ತಿದ್ದಳು.