ಬೀಗರೂಟಕ್ಕೆ ಕರೆಯದೆ ಬಂದ ವಿಬ್ರಿಯೊ ಅವರಿಗೆ

ಸಮುದ್ರವಾಸಿಗಳೂ, ಬರಿಗಣ್ಣಿಗೆ ನಿಲುಕದವರೂ, ಸದ್ಯ ನನ್ನ ಹೆಂಡತಿಯ ರಕ್ತದಲ್ಲಿ ಬಿಡಾರ ಹೂಡಿರುವವರೂ ಆದ ಮಾನ್ಯ ವಿಬ್ರಿಯೊ ಬ್ಯಾಕ್ಟೀರಿಯಾದವರೇ,

ಗರುಡಾಚಾರ್‌ಪಾಳ್ಯದ ರಾಮಾಂಜಿನಪ್ಪ ಎಂಬ ನಾನು ಐಸಿಯು ಹೊರಗಿನ ಕುರ್ಚಿಯಲ್ಲಿ ಕುಳಿತು, ನಾಲ್ಕು ಜನ ಓದಲೆಂದೇ ಬರೆಯುತ್ತಿರುವ ಈ ಪತ್ರದ ಮೂಲಕ ತಮಗೆ ಸವಿನಯ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ತಾವು ಕ್ಷೇಮವೆಂದೂ, ಗಂಟೆಗಂಟೆಗೂ ತಮ್ಮ ಸಂಸಾರ ಬೆಳೆಯುತ್ತಿದೆಯೆಂದೂ ಡಾಕ್ಟರು ತಿಳಿಸಿದರು. ಬಹಳ ಸಂತೋಷ.

ಮೊದಲಿಗೆ ತಮ್ಮ ಪ್ರಯಾಣಕ್ಕೆ ಅಭಿನಂದನೆ. ನಮ್ಮ ಪಾಳ್ಯದಿಂದ ಬೀಗರೂಟದ ಇಂದಿರಾನಗರದ ಹೋಟೆಲು ಸೇರುವಷ್ಟರಲ್ಲಿ ನಾನು ಕಾರಿನಲ್ಲೇ ಅರ್ಧ ಸತ್ತಿದ್ದೆ. ತಾವಾದರೋ ಕಡಲಲ್ಲಿ ತಾನಾಗಿ ಬೆಳೆದ, ಹೋಟೆಲಿನವರು ಆಯ್ಸ್ಟರ್ ಎನ್ನುವ ಸಿಂಪಿಯೊಳಗೆ ಕುಳಿತು, ಮಂಜುಗಡ್ಡೆಯ ಡಬ್ಬಿಯಲ್ಲಿ ಘಟ್ಟ ಹತ್ತಿ, ಬಣ್ಣವಿಲ್ಲದೆ ವಾಸನೆಯಿಲ್ಲದೆ ನಮ್ಮ ತಟ್ಟೆಗೆ ಜೀವಂತವಾಗಿ ಇಳಿದಿರಿ. 'ಫ್ರೆಶ್ ಸರ್, ನಿನ್ನೆ ಹಿಡ್ದಿದ್ದು' ಎಂದ ಹೋಟೆಲಿನವರ ಮಾತು ಸುಳ್ಳಲ್ಲ, ಅಲ್ಲಿ ಎಲ್ಲರಿಗಿಂತ ಫ್ರೆಶ್ ಆಗಿದ್ದವರು ತಾವೇ.

ನಮ್ಮ ಮನೆಯಲ್ಲಿ ಗದ್ದೆ ಏಡಿಯನ್ನು ಮೆಣಸು ಅರೆದು ಹಾಕಿ, ಚಿಪ್ಪು ಕೆಂಪಗಾಗುವ ತನಕ ಕುದಿಸದೆ ಯಾರೂ ಮುಟ್ಟಿದವರಲ್ಲ. ಆದರೆ ಮಗಳು ಹಂಸಳ ಮದುವೆಯ ಬೀಗರೂಟವನ್ನು ಗಂಡಿನ ಕಡೆಯವರು ಆ ದೊಡ್ಡ ಹೋಟೆಲಿನಲ್ಲಿ ಇಟ್ಟುಕೊಂಡರು. ಬೀಗರೇ ಎದ್ದು ಬಂದು ಬಡಿಸಿದ್ದನ್ನು ತಿನ್ನದೆ ಬಿಟ್ಟರೆ ನಮ್ಮಲ್ಲಿ ಅವರ ಮುಖಕ್ಕೆ ಹೊಡೆದಂತೆ. ಒಬ್ಬೊಬ್ಬರಿಗೆ ಮೂರು ಹಸಿ ಸಿಂಪಿ, ಮೇಲೆ ನಿಂಬೆಹುಳಿ. ನಿಂಬೆಹಣ್ಣು ದೃಷ್ಟಿ ತೆಗೆದೀತೇ ಹೊರತು ತಮ್ಮನ್ನು ತೆಗೆಯಲಾರದು ಎಂಬುದು ನನಗೆ ಈಗ ಗೊತ್ತಾಗಿದೆ.

ಆದ್ದರಿಂದ ಕೆಲವು ಮನವಿಗಳು. ಸಿಂಪಿಯಲ್ಲಿ ವಾಸವಿರುವಾಗ ತಾವು ಚಿಪ್ಪಿನ ಮೇಲೆ ಕನ್ನಡದಲ್ಲೊಂದು ನಾಮಫಲಕ ಹಾಕಿಕೊಳ್ಳಬೇಕು, ಈ ಊರಿನಲ್ಲಿ ಅಂಗಡಿ ಇಟ್ಟವರಿಗೆಲ್ಲ ಅದೇ ನಿಯಮ. ಕೊಂಚ ಕೊಳೆತ ವಾಸನೆಯನ್ನಾದರೂ ಬೀರುವ ಸೌಜನ್ಯ ತೋರಬೇಕು. ನನ್ನ ಹೆಂಡತಿಯಂಥ ಸಕ್ಕರೆ ಕಾಯಿಲೆಯವರನ್ನೇ ಹುಡುಕಿ ಹಿಡಿಯುವ ಬದಲು, ಹಸಿಯಾಗಿ ತಿನ್ನುವುದೇ ನಾಗರಿಕತೆ ಎಂದು ಭಾಷಣ ಬಿಗಿದ ನಮ್ಮ ಬೀಗರ ಹೊಟ್ಟೆಯಲ್ಲಿ ಒಂದು ವಾರ ತಂಗಬಹುದಿತ್ತು. ಅವರು ಅರ್ಧ ಡಜನ್ ನುಂಗಿ, ಈಗ ಕೆಳಗಿನ ಕ್ಯಾಂಟೀನಿನಲ್ಲಿ ಬೋಂಡ ತಿನ್ನುತ್ತಿದ್ದಾರೆ.

ನನ್ನ ಹೆಂಡತಿ ಮುನಿಶಾಮಮ್ಮನ ಎಡಗಾಲು ಊದಿ, ಕಪ್ಪು ಬೊಬ್ಬೆ ಎದ್ದಿದೆ. ಕಾಲು ಉಳಿಯುವುದೋ, ಕತ್ತರಿಸಬೇಕೋ ಎಂದು ಸಂಜೆ ಹೇಳುತ್ತಾರಂತೆ. ನನಗೆ ಭಯವಾಗುತ್ತಿದೆ. ಬೇರೆಲ್ಲ ಮನವಿಗಳನ್ನು ತಾವು ಕಸದ ಬುಟ್ಟಿಗೆ ಹಾಕಬಹುದು, ಆಕೆಯ ಕಾಲನ್ನು ಮಾತ್ರ ಬಿಟ್ಟುಕೊಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ (ಬೇರೆ ದಾರಿಯಿಲ್ಲದೆ),
ರಾಮಾಂಜಿನಪ್ಪ

ತಾ.ಕ.: ನನ್ನ ಪಾಲಿನ ಮೂರು ಸಿಂಪಿ ನೋಡಿ ನನಗೆ ಅಸಹ್ಯವಾಗಿ, ಬೀಗರು ಆ ಕಡೆ ತಿರುಗಿದಾಗ ಮೆಲ್ಲಗೆ ಆಕೆಯ ತಟ್ಟೆಗೆ ಸರಿಸಿದ್ದೆ. 'ಎಂಜ್ಲು ಬಿಟ್ರೆ ಮಗಳಿಗೆ ಮಾತು ಬರ್ತದೆ, ಸುಮ್ನಿರಿ' ಎಂದು ಆರನ್ನೂ ಆಕೆಯೇ ನುಂಗಿದಳು. ಇವತ್ತು ಬೆಳಿಗ್ಗೆ ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, 'ನಿಮ್ಗೇನೂ ಆಗಿಲ್ಲ ತಾನೇ?' ಎಂದು. ಇಲ್ಲ ಎಂದೆ. 'ಸದ್ಯ' ಎಂದಳು. ತಮ್ಮನ್ನು ನಾಚಿಕೆಯಿಲ್ಲದವರೆಂದು ಮೇಲೆ ಒಂದು ಕಡೆ ಬರೆದಿದ್ದೆ, ಆ ಸಾಲನ್ನು ಹೊಡೆದುಹಾಕಿದ್ದೇನೆ.