ಪಟ್ಟಿಯಲ್ಲಿ ಇಲ್ಲದ ಅತ್ತೆ

ಮನಶ್ಶಾಸ್ತ್ರ ಓದುವ ಮೊಮ್ಮಗಳಿರುವ ಮನೆಯಲ್ಲಿ ಯಾರದಾದರೂ ತಲೆಯ ಪರೀಕ್ಷೆ ನಡೀತಾನೇ ಇರುತ್ತದೆ. ನಮ್ಮ ಡೊಂಬಿವಲಿ ಮನೆಯಲ್ಲಿ ಅದು ಹೆಚ್ಚಾಗಿ ನನ್ನದು.

ಎಷ್ಟು ಖುಷಿ?

ಮೊದಲು ಖುಷಿ ಅಳೆದಳು. ಒಂದರಿಂದ ಐದರೊಳಗೆ ಎಷ್ಟು ಖುಷಿಯಾಗಿದ್ದೇನೆ ಹೇಳಬೇಕಂತೆ. ಇವತ್ತು ನೀರು ಬರುತ್ತದೋ ಇಲ್ಲವೋ, ಅದನ್ನು ಮೊದಲು ಹೇಳು ಅಂದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲವಂತೆ. ಬಟ್ಟೆ ಒಗೆಯುವವಳು ಅವಳಲ್ಲವಲ್ಲ. ಮೂರು ಅಂತ ಬರೆದುಕೊಂಡಳು. ಅಷ್ಟರಲ್ಲಿ ನಲ್ಲಿ ಗೊರಗೊರ ಅಂತು. "ಐದು ಮಾಡು," ಅಂತ ಬಚ್ಚಲಿಂದಲೇ ಕೂಗಿದೆ.

ಹತ್ತು ಪದ

ಆಮೇಲಿನದು ಆಟವಲ್ಲ. ಠಾಣೆ ಊರಿನ ಅವಳ ಕಾಲೇಜಿಗೆ ಶುಕ್ರವಾರದೊಳಗೆ ಸಂಶೋಧನೆ ಒಪ್ಪಿಸಬೇಕು, ತಪ್ಪಿದರೆ ಅವಳ ವರ್ಷವೇ ಹೋಯಿತು. ವಯಸ್ಸಾದ ಹೆಂಗಸರಿಗೆ ಹತ್ತು ಪದ ಓದಿ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಎಷ್ಟು ನೆನಪಿದೆ ಅಂತ ಕೇಳುವುದು. ಮೊದಲು ನನ್ನ ಮೇಲೇ ಮಾಡಿ ನೋಡಿದಳು. ನನಗೆ ಓದು ಬರಹ ಇಲ್ಲ. ಏನಿದ್ದರೂ ಕಥೆ ಕಟ್ಟಿಕೊಂಡು ನೆನಪಿಡುವವಳು. ಕೊಡೆ, ರೈಲು, ಕುದುರೆ, ಕನ್ನಡಿ, ಎಲ್ಲ ಸರಸರ ಒಪ್ಪಿಸಿದೆ.

"ಅಜ್ಜಿ, ಹನ್ನೊಂದು ಪದ ಆಯ್ತು. ಅತ್ತೆ ಲಿಸ್ಟ್‌ನಲ್ಲೇ ಇಲ್ಲ."

"ಅತ್ತಿ ಇಲ್ಲದ ಕೊಡಿ ತಾನ ರೈಲು ಹತ್ತತದೇನ?"

ಭಜನಾ ಮಂಡಳಿ

ಬುಧವಾರ ನಮ್ಮ ಮಂಡಳಿಯ ಎಂಟು ಹೆಂಗಸರನ್ನು ಕರೆಸಿದೆ. ಅವಳು ಬಾಗಿಲು ಹಾಕಿಕೊಂಡು ತಯಾರಿ ಮಾಡುತ್ತಿದ್ದಳು, ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆಯುವವಳು. ಹೊರಗೆ ಕೂತವರಿಗೆ ಒಂದೇ ಭಯ: ತಾವು ಫೇಲಾದರೆ ಕೂಸೂ ಫೇಲು. ನನಗೆ ಸಂಕಟವಾಯಿತು. ಚಹಾ ಕೊಟ್ಟು, ಪದಗಳನ್ನೆಲ್ಲ ಭಜನೆಯ ಧಾಟಿಗೆ ಕೂರಿಸಿ, ತಾಳ ಹಾಕಿ ಮೆಲ್ಲಗೆ ಕಲಿಸಿಬಿಟ್ಟೆ.

ಒಳಗೆ ಹೋದ ಎಂಟೂ ಜನ ಅದೇ ತಾಳದಲ್ಲಿ ಒಂದೂ ಬಿಡದೆ ಹೇಳಿದರು. ಮೊಮ್ಮಗಳು ಹೊರಗೆ ಬಂದಾಗ ಮುಖ ಬಿಳಿಚಿತ್ತು.

"ಎಲ್ಲರ ಬಾಯಲ್ಲೂ ಅತ್ತೆ ಹೇಗೆ ಬಂದಳು?"

ಎಲ್ಲರೂ ನನ್ನ ಕಡೆ ನೋಡಿದರು. ಅವಳು ಅತ್ತೇಬಿಟ್ಟಳು. ಹೊಸಬರನ್ನು ಹುಡುಕಲು ಎಲ್ಲಿದೆ ದಿನ?

ಮೇಡಮ್ ಮುಂದೆ

ಗುರುವಾರ ನಾನೂ ಲೋಕಲ್ ರೈಲು ಹತ್ತಿ ಅವಳ ಜೊತೆ ಠಾಣೆಯ ಕಾಲೇಜಿಗೆ ಹೋದೆ. ಅವಳಿಗೆ ಕಲಿಸುವ ಮೇಡಮ್ ಧಾರವಾಡದ ಕಡೆಯವರು, ಕನ್ನಡ ಬರುತ್ತಿತ್ತು. ತಪ್ಪು ನನ್ನದು, ಕೂಸಿನದಲ್ಲ ಅಂತ ಎಲ್ಲ ಹೇಳಿದೆ. ಅವರು ಕಣ್ಣೊರೆಸಿಕೊಂಡು ನಕ್ಕರು. ಒಬ್ಬರ ತಲೆಯಲ್ಲಿ ಹುಟ್ಟಿದ ಸುಳ್ಳು ನೆನಪು ಎಂಟು ತಲೆಗೆ ಹೇಗೆ ಹಬ್ಬಿತು, ಅದನ್ನೇ ಬರಿ, ಇದೂ ಸಂಶೋಧನೆಯೇ, ಅಂದರು. ನನಗೆ ಹೋದ ಜೀವ ಬಂದ ಹಾಗಾಯಿತು.

ಹೊರಡುವಾಗ ಮೇಡಮ್ ಪಟ್ಟಿ ಕೈಗೆ ತಗೊಂಡು, ಹತ್ತು ಪದ ಯಾವುದಮ್ಮ, ನೋಡದೇ ಹೇಳು ಅಂದರು. ಪಟ್ಟಿ ಮಾಡಿದವಳೇ ಅವಳು, ಠೀವಿಯಿಂದ ಶುರು ಮಾಡಿದಳು. ನಾಲ್ಕನೆಯದಕ್ಕೆ ಬೆರಳು ತಾಳ ಹಾಕುತ್ತಿತ್ತು. ಮುಗಿಯುವ ಹೊತ್ತಿಗೆ ಕೊಡೆ ಹಿಡಿದ ಅತ್ತೆ ರೈಲಿನಲ್ಲಿ ಆರಾಮಾಗಿ ಕೂತಿದ್ದಳು.

ಮೇಡಮ್ ಪೆನ್ನು ತೆಗೆದು ಅವಳ ಕೈಗೇ ಕೊಟ್ಟರು.

"ಎಂಟು ತಲೆಯಲ್ಲ. ಒಂಬತ್ತು ಅಂತ ತಿದ್ದು."