ಸಂರಕ್ಷಿತ ಬುಧವಾರ

ಸ್ಕೆಲ್ಡರ್‌ಬೆಕ್ ಆಸ್ಪತ್ರೆಯಲ್ಲಿ ‘ಸಂರಕ್ಷಿತ’ ಎಂಬ ವಿಶೇಷಣ ಹೊತ್ತ ಸಕಲ ವಸ್ತುಗಳೂ ಆಸ್ತಿ ವಿಭಾಗದ ಕ್ಲೈವ್ ಎಂಟ್‌ವಿಸಲ್ ಅವರ ಸುಪರ್ದಿಗೆ ಒಳಪಟ್ಟಿರುತ್ತವೆ. ವಿಕ್ಟೋರಿಯಾ ರಾಣಿಯ ಕಾಲದ ಇಟ್ಟಿಗೆ ಹೊಗೆಗೂಡು ಅಂಥದೊಂದು. ಕಾರು ನಿಲ್ಲಿಸುವ ಜಾಗದ ಪಕ್ಕದ ಹೊಂಡದಲ್ಲಿ ವಾಸವಾಗಿರುವ, ಬೆನ್ನ ಮೇಲೆ ಜುಟ್ಟಿರುವ ನೀರುಹಲ್ಲಿಗಳು ಇನ್ನೊಂದು. ಇವೆರಡರ ಹತ್ತಿರಕ್ಕೂ ಸಾಹೇಬರು ಒಂದು ನರಪಿಳ್ಳೆಯನ್ನೂ ಸುಳಿಯಗೊಟ್ಟವರಲ್ಲ. ಹೀಗಿರುವಾಗ ಡಾ. ಹೆಸ್ಟರ್ ಓಲ್ಡ್‌ರಾಯ್ಡ್ ಅವರ ಬುಧವಾರವೂ ಅದೇ ಸುಪರ್ದಿಗೆ ಹೋಗಿ ಸೇರಿದ್ದರಲ್ಲಿ ಯಾರ ತಪ್ಪೂ ಇರಲಿಲ್ಲ.

ಹೆಸ್ಟರ್ ವೃದ್ಧರ ವಾರ್ಡಿನ ವೈದ್ಯೆ. ಆಕೆಯ ತಲೆಯನ್ನು ಬಹಳ ದಿನದಿಂದ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಮುದುಕರಿಗೆ ಚಹಾ ಬರುತ್ತದೆ, ಕೈಗೆಟುಕದ ಮೇಜಿನ ಮೇಲೆ ಕೂರುತ್ತದೆ, ಆರುತ್ತದೆ, ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ‘ಚಹಾ ನೀಡಲಾಯಿತು’ ಎಂದು ದಾಖಲಾಗುತ್ತದೆ. ಸಂಜೆಗೆ ಮುದುಕರ ನಾಲಿಗೆ ಒಣಗಿ, ನರಕ್ಕೆ ಸೂಜಿ ಚುಚ್ಚಿ ಸಲೈನು ಏರಿಸಲಾಗುತ್ತದೆ. ಮೇಜನ್ನು ಒಂದು ಗೇಣು ಈಚೆಗೆ ಎಳೆದರೆ ಏನಾದೀತು? ಇದನ್ನು ಶಾಸ್ತ್ರೋಕ್ತವಾಗಿ ಕಂಡುಹಿಡಿಯಲು ಆಕೆಗೆ ಸಂಶೋಧನಾ ಫೆಲೋಶಿಪ್ ಸಿಕ್ಕಿತು. ರೋಗಿಗಳನ್ನೂ ಬಿಡದೆ, ಸಂಶೋಧನೆಯನ್ನೂ ಮಾಡುತ್ತ, ಮುಂದೊಂದು ದಿನ ಪ್ರಾಧ್ಯಾಪಕಿಯಾಗುವ ಏಣಿಯ ಮೊದಲ ಮೆಟ್ಟಿಲು ಅದು. ಆದೇಶದಲ್ಲಿ ಸ್ಪಷ್ಟವಾಗಿತ್ತು: ‘ಪ್ರತಿ ಬುಧವಾರವು ಸಂಶೋಧನೆಗೆಂದೇ ಮೀಸಲಾದ ಸಂರಕ್ಷಿತ ಸಮಯ. ಈಸ್ಟರ್ ಹಬ್ಬದೊಳಗೆ ಮೊದಲ ಫಲಿತಾಂಶ ಬರದಿದ್ದಲ್ಲಿ ಫೆಲೋಶಿಪ್ ರದ್ದು.’

ಮೊದಲ ಬುಧವಾರ ಹೆಸ್ಟರ್ ಖುಷಿಯಿಂದ ಸಂಶೋಧನಾ ಕೋಣೆಗೆ ಬಂದರೆ ಬಾಗಿಲಿಗೆ ಅಡ್ಡಲಾಗಿ ಹಳದಿ ಪಟ್ಟಿ. ಪಕ್ಕದಲ್ಲಿ ಎಂಟ್‌ವಿಸಲ್.

“ದಾಟ್ಬೇಡಿ ಡಾಕ್ಟ್ರೇ. ಒಳಗೆ ಸಂರಕ್ಷಿತ ಸಮಯ ಇದೆ.”

“ಅದು ನನ್ನ ಸಮಯ ಕಣ್ರೀ!”

“ಹೊಗೆಗೂಡೂ ಆಸ್ಪತ್ರೇದೇ. ಹಾಗಂತ ಹತ್ತೋಕೆ ಬಿಡ್ತೀವಾ?”

“ನಾನದನ್ನ ಉಪಯೋಗಿಸ್ಬೇಕಲ್ಲ?”

ಎಂಟ್‌ವಿಸಲ್ ಮುಖ ಕಪ್ಪಿಟ್ಟಿತು. “ಉಪಯೋಗಿಸಿದ್ರೆ ಸವೆದುಹೋಗಲ್ವೇ? ಓದಿದೋರು ನೀವೇ ಹೀಗಂದ್ರೆ ಹೇಗೆ?”

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಮಧ್ಯಾಹ್ನದೊಳಗೆ ಬಾಗಿಲಿಗೆ ಪ್ರಕಟಣೆಯೂ ಬಿತ್ತು: ‘ಈ ಬುಧವಾರವು ಸಂರಕ್ಷಿತವಾಗಿದೆ. ಇದನ್ನು ಮುಟ್ಟುವುದು, ಕಲಕುವುದು, ಇದರೊಳಗೆ ಕುಳಿತು ಬಿಸ್ಕತ್ತು ತಿನ್ನುವುದು ಶಿಕ್ಷಾರ್ಹ.’

ಸುದ್ದಿ ಪಾಳಿ ಹಂಚುವ ಮೊರೀನ್ ಪಿಕಲ್ಸ್ ಕಿವಿಗೆ ಬಿತ್ತು. “ಚಿನ್ನಾ, ಬುಧವಾರ ನಿನ್ನ ಒಳಗೇ ಬಿಡಲ್ವಂತೆ? ಅಂದ್ಮೇಲೆ ಖಾಲಿನೇ ಇರ್ತೀಯ. ತುರ್ತು ವಿಭಾಗಕ್ಕೆ ಹಾಕಿದೀನಿ, ಹೋಗ್ಬಾ ನನ್ನ ಬಂಗಾರ.”

ಹೀಗೆ ಶರತ್ಕಾಲ ಕಳೆಯಿತು, ಕ್ರಿಸ್‌ಮಸ್ ಕಳೆಯಿತು. ಫೆಲೋಶಿಪ್ ಕಚೇರಿಯವರು ತಪಾಸಣೆಗೆ ಬಂದು ಹಳದಿ ಪಟ್ಟಿ ಕಂಡು ಮೂಕವಿಸ್ಮಿತರಾದರು. ಬೇರೆ ಆಸ್ಪತ್ರೆಗಳಲ್ಲಿ ಸಂರಕ್ಷಿತ ಸಮಯವನ್ನು ಹೊರರೋಗಿ ವಿಭಾಗವೇ ಮುಕ್ಕಿಬಿಡುತ್ತದೆ. ಇಲ್ಲಿ ಒಂದು ನಿಮಿಷವೂ ಖರ್ಚಾಗಿಲ್ಲ! ಎಂಟ್‌ವಿಸಲ್‌ಗೆ ಪ್ರಶಂಸಾಪತ್ರ ಕೊಟ್ಟು, ಫಲಿತಾಂಶ ಎಲ್ಲಿ ಎಂದು ಹೆಸ್ಟರ್‌ಗೆ ಎಚ್ಚರಿಕೆ ಕೊಟ್ಟು ಹೊರಟರು.

ವಾರ್ಡಿಗೆ ಮರಳಿದ ಹೆಸ್ಟರ್‌ಗೆ ಅಳು ಬಂತು. ಫೆಲೋಶಿಪ್ ಹೋದರೆ ಏಣಿ ಹೋಯಿತು; ಏಣಿ ಹೋದರೆ ಆ ಚಹಾ ಆರುತ್ತಲೇ ಇರುತ್ತದೆ. ಕಿಟಕಿ ಪಕ್ಕದ ಹಾಸಿಗೆಯ ಸಗ್ಡನ್ ತಾತ, ಒಂದು ಕಾಲದ ಬಸ್ ಚಾಲಕ, ಎಟುಕದ ಚಹಾವನ್ನೇ ದಿಟ್ಟಿಸುತ್ತ ಮಲಗಿದ್ದವರು ತಿರುಗಿ ನೋಡಿದರು.

“ಏನಮ್ಮಾ, ಮುಖ ಹಿಂಡಿದ ಟೀ ಚೀಲದ ಥರ ಆಗಿದೆ?”

ಹೆಸ್ಟರ್ ಕಪ್ಪನ್ನು ಅವರ ಕೈಗೆ ಕೊಟ್ಟು, ಕಣ್ಣೊರೆಸಿಕೊಂಡು ಕಿಟಕಿಯಾಚೆ ನೋಡಿದಳು. ಕೆಳಗೆ ಹೊಂಡ, ಸುತ್ತ ಬೇಲಿ, ಬೇಲಿಯೊಳಗೆ ಹಲ್ಲಿಗಳು ಯಾವ ಪಾಳಿಯೂ ಇಲ್ಲದೆ ಹಾಯಾಗಿದ್ದವು. ಆಕೆ ಅಲ್ಲಿಂದ ನೇರ ಎಂಟ್‌ವಿಸಲ್ ಬಳಿ ಹೋದಳು.

“ಸಾಹೇಬ್ರೇ, ಹಲ್ಲಿಗಳಿಗೆ ಹೊಂಡಕ್ಕೆ ಇಳಿಯೋಕೆ ಅನುಮತಿ ಇದ್ಯಾ?”

“ಅನುಮತಿ ಏನು ಬಂತು? ಅವು ಅಲ್ಲಿನ ನಿವಾಸಿಗಳು. ಅವನ್ನ ಕದಲಿಸಿದ್ರೆ ಜೈಲು.”

“ಹಾಗಾದ್ರೆ ನನ್ನ ಬುಧವಾರದ ನಿವಾಸಿ ಯಾರು?”

ಎಂಟ್‌ವಿಸಲ್ ಬೆಚ್ಚಿಬಿದ್ದರು. ಅವರ ಸೇವಾವಧಿಯಲ್ಲೇ ಇಂಥ ಲೋಪ ಆಗಿರಲಿಲ್ಲ. ನಿವಾಸಿಯೇ ಇಲ್ಲದ ನೆಲೆಯನ್ನು ಕಾದುಕೊಂಡು ಕೂತರೆ ಮೇಲಿನವರು ಕೇಳದೆ ಬಿಟ್ಟಾರೆಯೇ? ಮುಂದಿನ ಬುಧವಾರವೇ ಬಲೆ, ಟಾರ್ಚು, ರಬ್ಬರ್ ಬೂಟುಗಳ ಸಮೇತ ಸಂಶೋಧನಾ ಕೋಣೆಯ ಸಮೀಕ್ಷೆ ನಡೆಯಿತು. ಮೇಜಿನ ಕೆಳಗೆ ಟಾರ್ಚು ಬಿಟ್ಟಾಗ ಅಲ್ಲಿ, ನಸುಕಿನಲ್ಲೇ ಬಂದು ಹುದುಗಿದ್ದ ಹೆಸ್ಟರ್ ಕಣ್ಣು ಮಿಟುಕಿಸುತ್ತಿದ್ದಳು.

“ತಿರುಗಿ,” ಎಂದರು ಸಾಹೇಬರು. ತಿರುಗಿದಳು; ಎತ್ತಿ ಕಟ್ಟಿದ ಕೂದಲು ಬೆನ್ನ ಮೇಲೆ ಜೋತಾಡಿತು. ಅವರು ಕೈಪಿಡಿ ತೆಗೆದು ತಾಳೆ ನೋಡಿದರು. “ಬೆನ್ನ ಮೇಲೆ ಜುಟ್ಟು... ಇದೆ. ಸರಿಯಾಗಿದೆ.”

ಅಂದಿನಿಂದ ಡಾ. ಓಲ್ಡ್‌ರಾಯ್ಡ್ ಅವರನ್ನು ಬುಧವಾರಗಳ ಮಟ್ಟಿಗೆ ನೀರುಹಲ್ಲಿ ಎಂದು ಪರಿಗಣಿಸಲಾಯಿತು. ಮೊರೀನ್ ಎಂದಿನಂತೆ ತುರ್ತು ವಿಭಾಗಕ್ಕೆ ಎಳೆದೊಯ್ಯಲು ಬಂದಾಗ ಎಂಟ್‌ವಿಸಲ್ ಸೀಟಿ ಊದಿ, ಎರಡೂ ಕೈ ಚಾಚಿ ತಡೆದರು. “ಹುಷಾರು! ಮೊಟ್ಟೆ ಇಡೋ ಕಾಲ!”

ಮೊರೀನ್ ಬಾಯಿ ಮೇಲೆ ಕೈಯಿಟ್ಟುಕೊಂಡಳು. “ಅಯ್ಯೋ ಚಿನ್ನಾ, ನೀನು ಹಲ್ಲಿ ಅಂತ ಮುಂಚೆನೇ ಒಂದು ಮಾತು ಹೇಳ್ಬಾರ್ದಿತ್ತಾ? ಸುಮ್ನೆ ಗೋಳು ಹುಯ್ಕೊಂಡೆನಲ್ಲ!”

ಈಸ್ಟರ್‌ಗೆ ಮುಂಚೆಯೇ ಫಲಿತಾಂಶ ಬಂತು. ಮೇಜನ್ನು ಒಂದು ಗೇಣು ಈಚೆಗೆ ಎಳೆದರೆ ಮುದುಕರು ಚಹಾ ಕುಡಿಯುತ್ತಾರೆ. ವಿದ್ವತ್ ಲೋಕ ತಲ್ಲಣಿಸಿತು. ಉಪನ್ಯಾಸಕಿ ಹುದ್ದೆಯ ಸಂದರ್ಶನದಲ್ಲಿ ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು ಗಂಭೀರವಾಗಿ ಕೇಳಿದರು: “ವೈದ್ಯೆ, ಸಂಶೋಧಕಿ, ಹಲ್ಲಿ. ಮೂರನ್ನೂ ಹೇಗಮ್ಮಾ ನಿಭಾಯಿಸ್ತೀಯ?”

“ಬುಧವಾರ ಹಲ್ಲಿಯಾಗಿರೋದ್ರಿಂದಲೇ ಸಾರ್, ಉಳಿದೆರಡೂ ನಡೀತಿರೋದು.”

ಸಮಿತಿ ತಲೆದೂಗಿತು. ಆಕೆ ಎರಡನೆಯ ಮೆಟ್ಟಿಲು ಹತ್ತಿದಳು.

ಈಗ ಸ್ಕೆಲ್ಡರ್‌ಬೆಕ್‌ನ ಕಿರಿಯ ವೈದ್ಯರೆಲ್ಲ, ಗಂಡಸರೂ ಸೇರಿ, ಜುಟ್ಟು ಬಿಡುತ್ತಿದ್ದಾರೆ. ಬೋಳುತಲೆಯ ಹೃದ್ರೋಗ ತಜ್ಞರೊಬ್ಬರ ಅರ್ಜಿ ಮಾತ್ರ ಇನ್ನೂ ಪರಿಶೀಲನೆಯಲ್ಲಿದೆ. ಹಲ್ಲಿಗಳ ಸಂತತಿ ಆಶಾದಾಯಕವಾಗಿ ವೃದ್ಧಿಸುತ್ತಿದೆ ಎಂದು ಆಸ್ಪತ್ರೆಯ ವಾರ್ಷಿಕ ವರದಿ ಸಾರಿದೆ.

ಮೊನ್ನೆ ಸಗ್ಡನ್ ತಾತ ಮತ್ತೆ ಕೆಮ್ಮು ಹತ್ತಿಸಿಕೊಂಡು ಅದೇ ವಾರ್ಡಿಗೆ ಬಂದು ಮಲಗಿದರು. “ಎಲ್ಲಿ ನಮ್ಮ ಡಾಕ್ಟ್ರಮ್ಮ?”

“ಇವತ್ತು ಬುಧವಾರ ತಾತಾ,” ಎಂದಳು ಮೊರೀನ್, ದನಿ ತಗ್ಗಿಸಿ. “ಹೊಂಡದಲ್ಲಿದಾರೆ.”

“ಸರಿ ಬಿಡು, ಕಲಕ್ಬೇಡ,” ಎಂದ ತಾತ ಮಲಗಿದಲ್ಲಿಂದಲೇ ಕೈ ಚಾಚಿ, ಇನ್ನೂ ಹಬೆಯಾಡುತ್ತಿದ್ದ ಚಹಾ ಎತ್ತಿಕೊಂಡರು.